ಊರುಗೋಲಿಗೆ ಕಟ್ಟಿದ ಬೋರ್ಡು

ಇಸ್ತ್ರಿಯಣ್ಣನ ಅಂಗಡಿಗೂ ನನ್ನ ರೇಡಿಯೊ ರಿಪೇರಿ ಅಂಗಡಿಗೂ ನಡುವೆ ಒಂದೇ ಗೋಡೆ. ಬಟ್ಟೆಯ ಮೇಲೆ ಸುಟ್ಟ ಕಲೆ ಕಂಡರೆ ಸಾಕು, ಇಸ್ತ್ರಿಪೆಟ್ಟಿಗೆ ತಾಗಿದ್ದೋ, ಮರೆತು ಬಿಟ್ಟದ್ದೋ ಅವನು ಹೇಳಿಬಿಡುತ್ತಾನೆ. ಅಂಥವನಿಗೆ ಮನೆಯೊಳಗಿನ ಕಲೆಯೇ ಕಾಣಲಿಲ್ಲ.

ಅವನ ತಾಯಿ ಸೊಂಟ ಮುರಿದುಕೊಂಡು ಅಂಗಡಿಯ ಮೇಲಿನ ಕೋಣೆಯಲ್ಲಿ ಮಲಗಿದ್ದರು. ನೋಡಿಕೊಳ್ಳಲು ತಂಗಿ ಗಂಡನ ಮನೆಯಿಂದ ಬಂದಿದ್ದಳು. ಆ ಗಂಡ ಪದೇಪದೇ ಫೋನ್ ಮಾಡಿ, ಯಾವಾಗ ಕಳಿಸುತ್ತೀರಿ ಎಂದು ಪೀಡಿಸುತ್ತಿದ್ದ. ಅಮ್ಮ ಎದ್ದು ನಡೆದ ಮರುದಿನವೇ ಕಳಿಸುತ್ತೇನೆಂದು ಇಸ್ತ್ರಿಯಣ್ಣ ಮಾತು ಕೊಟ್ಟಿದ್ದ.

ತಂಗಿ ಸಂತೆಗೆ ಹೋದಾಗ ತಾಯಿಗೆ ತನ್ನನ್ನು ಕರೆಯಲು ಏನಾದರೂ ಬೇಕೆಂದು ನನ್ನ ಹತ್ತಿರ ಬಂದ. ಹೊಸದಾಗಿ ಕಲಿಯುವವರಿಗೆಂದೇ ಮಾಡಿದ ಎರಡು ಮೈಕ್ರೊಕಂಟ್ರೋಲರ್ ಬೋರ್ಡು, ಪುಟಾಣಿ ಕಂಪ್ಯೂಟರು ಅನ್ನಿ, ಕೊಟ್ಟೆ. ಬಿಸ್ಕತ್ತಿನಷ್ಟಗಲ, ಮುಂದೆ ಎರಡು ಬಟನ್, ಸಾಲುಸಾಲು ಕೆಂಪು ದೀಪ. ಅಲುಗಾಡಿದರೆ, ಬಿಸಿಯಾದರೆ ತಾನೇ ತಿಳಿದುಕೊಳ್ಳುತ್ತದೆ. ಒಂದಕ್ಕೊಂದು ತಂತಿಯಿಲ್ಲದೆ ಮಾತಾಡುತ್ತವೆ. ಬೆಸುಗೆ ಬೇಡ, ಕಂಪ್ಯೂಟರಿನಲ್ಲಿ ಆಜ್ಞೆಗಳ ಬಣ್ಣದ ತುಂಡುಗಳನ್ನು ಎಳೆದು ಜೋಡಿಸಿ, ಕೇಬಲ್ ಚುಚ್ಚಿದರೆ ಆಯಿತು. ಕೇಬಲ್ ಕಿತ್ತರೂ ಕಲಿತದ್ದು ಮರೆಯುವುದಿಲ್ಲ.

ಅವನು ಒಂದನ್ನು ತಾಯಿಯ ಊರುಗೋಲಿಗೆ ಕಟ್ಟಿ ಹಾಸಿಗೆಯ ಪಕ್ಕ ಇಟ್ಟ. ಬಟನ್ ಒತ್ತಿದರೆ ಅಂಗಡಿಯ ಬೋರ್ಡು ಕೂಗುತ್ತಿತ್ತು. ಹುರುಪು ಹೆಚ್ಚಾಗಿ, ಕೋಲು ಅಲುಗಾಡಿದರೂ ಅಂಗಡಿಯ ಬೋರ್ಡಿನ ಕೆಂಪು ದೀಪಗಳಲ್ಲಿ ಬಾಣದ ಗುರುತು ಹೊತ್ತುವಂತೆ ಮಾಡಿದ. ತಾಯಿಗೆ ಅದನ್ನು ಹೇಳಲು ಮರೆತ.

ಅಲ್ಲಿಂದ ಶುರುವಾಯಿತು ಕಾಟ. ತಂಗಿ ಹೊರಗೆ ಹೋದಾಗಲೆಲ್ಲ ಬಾಣ ಹೊತ್ತುತ್ತಿತ್ತು. ಇವನು ಎದ್ದೆನೋ ಬಿದ್ದೆನೋ ಎಂದು ಓಡಿದರೆ ತಾಯಿ ಕತ್ತಿನವರೆಗೆ ಹೊದ್ದು ಮಲಗಿರುತ್ತಿದ್ದರು. ಇಸ್ತ್ರಿಯ ಬಿಸಿಗೆ ಕೆಟ್ಟಿರಬೇಕೆಂದು, ತಣ್ಣಗಾಗಲಿ ಎಂದು ಬೋರ್ಡನ್ನು ಒದ್ದೆ ಬಟ್ಟೆಯ ಪಕ್ಕ ಇಟ್ಟು ನೋಡಿದ ಭೂಪ. ಕೊನೆಗೆ ನನ್ನ ಮಾಲೇ ಸರಿಯಿಲ್ಲ ಎಂದ. ನನಗೆ ಮೈಯೆಲ್ಲ ಉರಿಯಿತು. ಮುಂದಿನ ಸಲ ಬಾಣ ಹೊತ್ತಿದ ಕೂಡಲೇ, ಚಪ್ಪಲಿ ಬಿಟ್ಟು ನನ್ನ ಜೊತೆ ಬಾ ಎಂದೆ.

ಇಬ್ಬರೂ ಬಾಗಿಲ ಸಂದಿಯಿಂದ ಇಣುಕಿದೆವು. ತಾಯಿ ಕೋಲೂರಿಕೊಂಡು ಕಿಟಕಿಯಿಂದ ಕಪಾಟಿನವರೆಗೆ ನಡೆಯುತ್ತಿದ್ದರು, ತುಟಿ ಕಚ್ಚಿಕೊಂಡು.

ಬಾಗಿಲು ತಳ್ಳಿ ಒಳಬಂದ ಮಗನನ್ನು ಕಂಡು ಅವರು ನಾಚಲಿಲ್ಲ.

"ನಾನು ಎದ್ದೆ ಅಂದ್ರೆ ಅವಳನ್ನ ಕಳಿಸಿಬಿಡ್ತೀಯ," ಎಂದರು. "ಅವಳ ತೋಳು ನೋಡಿದ್ದೀಯಾ?"

ತೋಳು ಸುಟ್ಟದ್ದು ಬಿಸಿ ಪಾತ್ರೆ ತಾಗಿ ಎಂದು ತಂಗಿ ಹೇಳಿದ್ದಳಂತೆ, ಇವನು ನೋಡದೆಯೇ ನಂಬಿದ್ದ. ಅಷ್ಟರಲ್ಲಿ ಅವಳೇ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದಳು. ನಿಂತಿದ್ದ ತಾಯಿಯನ್ನು ಕಂಡು ಚೀಲ ಕೆಳಗೆ ಬಿಟ್ಟಳು. ಇಸ್ತ್ರಿಯಣ್ಣ ಹತ್ತಿರ ಹೋಗಿ, ಬೇಸಿಗೆಯಲ್ಲೂ ಮುಂಗೈವರೆಗೆ ಮುಚ್ಚಿರುತ್ತಿದ್ದ ಅವಳ ತೋಳಿನ ಬಟ್ಟೆಯನ್ನು ಮೇಲೆತ್ತಿದ. ಸುಟ್ಟ ಕಲೆ, ಅಗಲ ಬುಡ, ಚೂಪು ಮೂತಿ. ಇಸ್ತ್ರಿಪೆಟ್ಟಿಗೆಯದೆಂದು ನನಗೇ ಗೊತ್ತಾಯಿತು.

ಅವನು ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದ:

"ಇದು ತಾಗಿದ್ದಲ್ಲ. ಒತ್ತಿ ಹಿಡಿದಿದ್ದು."

ಆ ಗಂಡನ ಜೊತೆ ನಾನೂ ಎಷ್ಟೋ ಸಲ ನಗುನಗುತ್ತಾ ಮಾತಾಡಿದ್ದೆ.

ಸಂಜೆ ನಾನು ಅವನ ಅಂಗಡಿಯಲ್ಲಿದ್ದಾಗ ಫೋನ್ ಬಂತು. ಇಸ್ತ್ರಿಯಣ್ಣ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಫೋನ್ ಎತ್ತಿದ. ಅತ್ತಲಿಂದ ಅದೇ ಹಳೆಯ ಪ್ರಶ್ನೆ.

"ಅಮ್ಮ ಎದ್ದಿದ್ದಾಳೆ, ಓಡಾಡ್ತಿದ್ದಾಳೆ," ಎಂದ. "ತಂಗಿ ಬರಲ್ಲ."

ಫೋನ್ ಇಟ್ಟು ಮತ್ತೆ ಅಂಗಿಯೊಂದನ್ನು ಹರವಿದ. ಆದರೆ ಇಸ್ತ್ರಿಪೆಟ್ಟಿಗೆ ಮುಟ್ಟಲಾಗಲಿಲ್ಲ. ಆಗ ಬೋರ್ಡಿನಲ್ಲಿ ಬಾಣ ಹೊತ್ತಿತು. ಮೇಲೆ ತಾಯಿಯ ಕೋಲಿನ ಸದ್ದು, ಪಕ್ಕದಲ್ಲೇ ತಂಗಿಯ ಹೆಜ್ಜೆಯ ಸದ್ದು. ಈ ಸಲ ನಾವಿಬ್ಬರೂ ಮೇಲೆ ಓಡಲಿಲ್ಲ.