ಅಕ್ಕ ಮೊದಲ ಪಂಕ್ತಿಗೆ ಬಂದದ್ದು

ನಮ್ಮ ಮನೆಯಲ್ಲಿ ಊಟಕ್ಕೆ ಎರಡು ಪಂಕ್ತಿ. ಮೊದಲನೆಯದರಲ್ಲಿ ಅಪ್ಪ, ಅಣ್ಣ ಮತ್ತು ನಾನು. ಎಲ್ಲರದ್ದೂ ಮುಗಿದ ಮೇಲೆ ಅವ್ವ. ಅಕ್ಕ ಮೊದಲು ನಮ್ಮ ಜೊತೆಯೇ ಕೂಡುತ್ತಿದ್ದಳು. ನನ್ನ ತಾಟಿನಿಂದ ಶೇಂಗಾ ಚಟ್ನಿ ಕದಿಯುವುದೇ ಅವಳ ಕೆಲಸ. ಅವಳು ದೊಡ್ಡವಳಾದಾಗ ಆರತಿ ಮಾಡಿದರು, ಉಡಿ ತುಂಬಿದರು, ಅಂಟಿನ ಉಂಡಿ ತಿನ್ನಿಸಿದರು. ಆ ಸಂಭ್ರಮವೆಲ್ಲ ಮುಗಿದ ಮೇಲೆ ಅವಳ ಕೈಗೆ ಸೌಟು ಬಂತು. ಯಾರೂ ಅವಳಿಗೆ ಏಳು ಅನ್ನಲಿಲ್ಲ, ಅವಳೂ ಯಾಕೆ ಅಂತ ಕೇಳಲಿಲ್ಲ. ನನಗಂತೂ ಚಟ್ನಿ ಪೂರ್ತಿ ಉಳಿಯಿತಲ್ಲ ಅಂತ ಖುಷಿ.

ಆಗ ನಾವು ಹೈದರಾಬಾದಿನ ಕಾಚಿಗುಡದಲ್ಲಿದ್ದೆವು. ರಾಯಚೂರು ಕಡೆಯಿಂದ ನೌಕರಿಗೆಂದು ಬಂದವರು ನಮ್ಮ ಅಜ್ಜ. ರಾಜ್ಯಗಳು ಹಂಚಿಹೋಗಿ ಊರು ಆಂಧ್ರದ ರಾಜಧಾನಿಯಾದರೂ ನಮ್ಮ ಮನೆ ಅಲುಗಲಿಲ್ಲ. ಅಪ್ಪ ಅದೇ ಊರಿನ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾದರು. ಹೊಸ್ತಿಲ ಹೊರಗೆ ತೆಲುಗು, ಹಿಂದಿ; ಒಳಗೆ ಕನ್ನಡ ಮತ್ತು ಜೋಳದ ರೊಟ್ಟಿ.

ಅಕ್ಕ ಹೈಸ್ಕೂಲಿನಲ್ಲಿದ್ದಾಗ ಒಂದು ಮಧ್ಯಾಹ್ನ ಶಾಲೆಯಿಂದ ಬರುತ್ತ ನಡುರಸ್ತೆಯಲ್ಲಿ ತಲೆ ತಿರುಗಿ ಬಿದ್ದಳು. ಹಿಂದೆ ಬರುತ್ತಿದ್ದ ಬಸ್ಸಿನವನು ಹೇಗೋ ಬ್ರೇಕು ಹಾಕಿದ. ರಿಕ್ಷಾದವನೊಬ್ಬ ಅವಳನ್ನು ಕೂರಿಸಿಕೊಂಡು ಬಂದು ಮನೆ ಮುಟ್ಟಿಸಿದ. ಸಂಜೆ ಅಪ್ಪ ಕಚೇರಿಯಿಂದ ಬಂದು ವಿಷಯ ಕೇಳಿ, ಬೂಟು ಬಿಚ್ಚದೆ ಹಾಗೇ ಕಟ್ಟೆಯ ಮೇಲೆ ಕೂತುಬಿಟ್ಟರು.

"ಸಾಲಿ ಸಾಕು. ಮನ್ಯಾಗ ಇರ್ಲಿ. ಜೀವ ಇದ್ರ ಎಲ್ಲಾ," ಅಂದರು.

ಅಪ್ಪ ಕೆಟ್ಟವರಲ್ಲ. ಹೆದರಿದ್ದರು, ಅಷ್ಟೇ. ಆದರೆ ಹೆದರಿದ ಅಪ್ಪಂದಿರ ಮುಂದೆ ಯಾವ ವಾದವೂ ನಡೆಯುವುದಿಲ್ಲ. ಶಾಲೆಯ ಚೀಲವನ್ನು ತಲೆದಿಂಬಿನ ಹತ್ತಿರ ಇಟ್ಟುಕೊಂಡು ಮಲಗಿದ ಅಕ್ಕನ ಮುಖ ನನಗೆ ಇವತ್ತಿಗೂ ನೆನಪಿದೆ.

ಅದೇ ದಿನಗಳಲ್ಲಿ ಒಂದು ವೈದ್ಯಕೀಯ ಸಂಶೋಧನಾ ಸಂಸ್ಥೆಯವರು ಅವಳ ಶಾಲೆಗೆ ಬರುತ್ತಿದ್ದರು. ಬೆಳೆಯುವ ವಯಸ್ಸಿನ ಹುಡುಗಿಯರ ಎತ್ತರ, ತೂಕ ನೋಡುವುದು, ಬೆರಳು ಚುಚ್ಚಿ ರಕ್ತದ ಹನಿಯನ್ನು ಕಾಗದದ ಮೇಲೆ ಒಣಗಿಸಿಕೊಂಡು ಹೋಗುವುದು ಅವರ ಕೆಲಸ. ಅಕ್ಕನ ರಕ್ತ ಭಾಳ ಕಡಿಮೆ ಅಂತ ಬಂತು. ಕಬ್ಬಿಣದ ಗುಳಿಗೆ ಕೊಟ್ಟರು. ಹುಡುಗಿ ಏನು ಉಣ್ಣುತ್ತಾಳೆ ಅಂತ ಮನೆಗೇ ಬಂದು ತೂಗಿ ನೋಡುತ್ತೇವೆ ಅಂದರು. ಅಪ್ಪ ಒಂದು ಗಡುವು ಹಾಕಿದರು: ವರ್ಷದ ಪರೀಕ್ಷೆ ಮುಗಿಯುವುದರೊಳಗೆ ರಕ್ತ ಏರಿದರೆ ಮುಂದೆಯೂ ಶಾಲೆ, ಇಲ್ಲದಿದ್ದರೆ ಮನೆ.

ಹಾಗೆ ನಮ್ಮ ಮನೆಗೆ ಬಂದವರಿಗೆ ನಾನು ಇಟ್ಟ ಹೆಸರು ತಕ್ಕಡಿ ಅಮ್ಮ. ಬಳ್ಳಾರಿ ಕಡೆಯ ತೆಲುಗಿನವರು, ಎರಡೂ ಭಾಷೆ ಬರುತ್ತಿತ್ತು. ಹೆಗಲಿಗೆ ಖಾಕಿ ಚೀಲ, ಚೀಲದಲ್ಲಿ ತಕ್ಕಡಿ, ಹಿತ್ತಾಳೆಯ ತೂಕದ ಬಟ್ಟುಗಳು. ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು ಅಕ್ಕಿ, ಬೇಳೆ, ಹಿಟ್ಟು ತೂಗುವರು, ಆಮೇಲೆ ಅಕ್ಕನ ತಾಟಿಗೆ ಬಿದ್ದದ್ದನ್ನೆಲ್ಲ ತೂಗುವರು. ದೇಶದೇಶಗಳಲ್ಲಿ ಇದೇ ವಯಸ್ಸಿನ ಹುಡುಗಿಯರ ರಕ್ತ ಹೀಗೇ ನೋಡುತ್ತಿದ್ದಾರೆ ಅಂತ ಅವರು ಹೇಳಿದಾಗ ಅಕ್ಕನಿಗೆ ದೊಡ್ಡ ಹೆಮ್ಮೆ. ಆಫ್ರಿಕಾದ ಯಾವಳೋ ಹುಡುಗಿಯೂ ತನ್ನ ಹಾಗೇ ಬೆರಳು ಹಿಡಿದುಕೊಂಡು "ಸ್ಸ್" ಅಂದಿರುತ್ತಾಳೆ ಅಂತ ನನಗೆ ಎಷ್ಟು ಸಲ ಹೇಳಿದಳೋ.

ಈಗ ಅವ್ವನ ಕಥೆ ಹೇಳಬೇಕು. ತಕ್ಕಡಿ ಬರುವ ಹಿಂದಿನ ದಿನವೇ ಅವ್ವ ಕಡಲೆಬೇಳೆ ನೆನೆಹಾಕುವಳು. ಹೋಳಿಗೆ, ಎಣ್ಣೆಗಾಯಿ, ತುಪ್ಪ, ಗಟ್ಟಿ ಮೊಸರು! ತಕ್ಕಡಿ ಬಂದ ದಿನ ನಮಗೆ ಹಬ್ಬ. ಅಪ್ಪ ಒಮ್ಮೆ, "ಇದೇನ ಇದು, ದೀಪಾವಳಿ ಹೊರಳಿ ಬಂತೇನ?" ಅಂತ ನಕ್ಕರೆ ಅವ್ವ ರೇಗಿದಳು.

"ನಮ್ಮ ಮನಿ ಊಟ ಅವರು ಬರ್ಕೊಂಡು ಹೋಗ್ತಾರ. ಎಲ್ಲೆಲ್ಲಿ ಓದ್ತಾರೋ ಏನೋ. ಬರೇ ರೊಟ್ಟಿ ಚಟ್ನಿ ಬರಸ್ಲೇನು? ಮಾನ ಬ್ಯಾಡೇನು?"

ಮಾನ ಉಳಿಯಿತು, ರಕ್ತ ಏರಲಿಲ್ಲ. ಅಕ್ಕ ಗುಳಿಗೆಯನ್ನು ತಪ್ಪದೆ ನುಂಗುತ್ತಿದ್ದಳು. ತಕ್ಕಡಿಯ ಪ್ರಕಾರ ಪೈಲ್ವಾನರ ಹಾಗೆ ಉಣ್ಣುತ್ತಿದ್ದಳು. ಆದರೂ ಮೆಟ್ಟಿಲು ಹತ್ತಿದರೆ ಏದುಸಿರು. ತಕ್ಕಡಿ ಅಮ್ಮ ತಲೆ ಕೆರೆದುಕೊಂಡರು. ಪರೀಕ್ಷೆ ಹತ್ತಿರ ಬರುತ್ತಿತ್ತು. ಮುಂದಿನ ವರ್ಷದ ಪುಸ್ತಕದ ಮಾತು ಎತ್ತಿದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು.

ಆಗೊಂದು ಸಲ ತಕ್ಕಡಿ ಅಮ್ಮ ತೂಕದ ಬಟ್ಟೊಂದನ್ನು ನಮ್ಮಲ್ಲೇ ಮರೆತು ಹೋದರು. ಅದನ್ನು ಒಯ್ಯಲು ಮರುದಿನ, ಭಾನುವಾರ, ಊಟದ ಹೊತ್ತಿಗೆ ಹೇಳದೆ ಕೇಳದೆ ಬಂದರು. ನಮ್ಮ ಮೂವರ ಪಂಕ್ತಿ ಮುಗಿದಿತ್ತು. ಒಳಗೆ ಅವ್ವ ಮತ್ತು ಅಕ್ಕ ಆಗತಾನೇ ಕೂತಿದ್ದರು. ಪಲ್ಯದ ಬೋಗುಣಿಯನ್ನು ಅವ್ವ ರೊಟ್ಟಿಯ ಚೂರಿನಿಂದ ಒರೆಸುತ್ತಿದ್ದಳು. ಉಳಿದ ಒಂದೂವರೆ ರೊಟ್ಟಿಯಲ್ಲಿ ಒಂದನ್ನು ಅಕ್ಕನ ಕಡೆ ನೂಕಿದಳು. ಅಕ್ಕ ಅದನ್ನು ಅರ್ಧ ಮಾಡಿ ವಾಪಸು ನೂಕಿದಳು. ಸಾರು ತಳ ಕಂಡಿತ್ತು, ಉಪ್ಪಿನಕಾಯಿ ಇತ್ತು.

ತಕ್ಕಡಿ ಅಮ್ಮ ಬಾಗಿಲಲ್ಲೇ ನಿಂತು ನೋಡಿದರು. ಅವ್ವ ಧಡಕ್ಕನೆ ಎದ್ದಳು. ಅವಳ ಮುಖ ಕೆಂಪಾಗಿತ್ತು, ಆದರೂ ಬಾಯಿಂದ ಬಂದದ್ದು ರೂಢಿಯ ಮಾತೇ: "ಬರ್ರಿ ಅಮ್ಮಾರ. ಊಟದ ಹೊತ್ತಿಗೆ ಬಂದೀರಿ, ಹಂಗ ಹೋಗಬ್ಯಾಡ್ರಿ."

ಬೇರೆ ಯಾರಾದರೂ ಆಗಿದ್ದರೆ ಬೇಡ ಅಂದು ಹೋಗುತ್ತಿದ್ದರು; ಇಲ್ಲವೇ ಬುದ್ಧಿ ಹೇಳುತ್ತಿದ್ದರು. ಇವರು ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೂತರು.

"ಊಟ ಮಾಡ್ತೀನಮ್ಮ. ಆದ್ರೆ ಒಬ್ಬಳೇ ಉಂಡು ನನಗೆ ರೂಢಿ ಇಲ್ಲ. ಈ ಹುಡುಗಿ ನನ್ನ ಪಕ್ಕ ಕೂತು, ನಾನು ಉಂಡಷ್ಟು ಉಂಡ್ರೆ ಉಣ್ತೀನಿ. ಇಲ್ಲಾಂದ್ರೆ ಈ ಬಿಸಿಲಲ್ಲಿ ಹಾಗೇ ಹೋಗ್ತೀನಿ."

ಉಪವಾಸ ಹೊರಟ ಅತಿಥಿಗಿಂತ ದೊಡ್ಡ ಬೆದರಿಕೆ ನಮ್ಮವ್ವನಿಗೆ ಇರಲಿಲ್ಲ. ಮತ್ತೆ ಒಲೆ ಹೊತ್ತಿತು, ರೊಟ್ಟಿ ಬಡಿಯುವ ಸದ್ದು ಎದ್ದಿತು. ಪುಂಡಿ ಸೊಪ್ಪು ತರಲು ಅಣ್ಣ ಓಡಿದ. ನಮ್ಮ ಪುಂಡಿ ಪಲ್ಯವೇ ತೆಲುಗಿನವರ ಗೋಂಗೂರ. ತಕ್ಕಡಿ ಅಮ್ಮ, ಅಕ್ಕ ಇಬ್ಬರೂ ಕಣ್ಣು ಮುಚ್ಚಿ ಚಪ್ಪರಿಸಿಕೊಂಡು ಉಂಡರು. ಊಟದ ನಡುವೆ ಅಕ್ಕ ಸಣ್ಣ ದನಿಯಲ್ಲಿ ಕೇಳಿದಳು: "ಅಮ್ಮಾರ, ಬ್ಯಾರೆ ದೇಶದಾಗೂ ಹುಡುಗ್ಯಾರು ಹಿಂದಿಂದ ಉಣ್ತಾರೇನ್ರಿ?"

"ತಿಂದದ್ದನ್ನ ತೂಗ್ತೀವಿ ಕಣಮ್ಮ," ಅಂದರು ಅವರು. "ಯಾವಾಗ ತಿಂದೆ, ಯಾರ ನಂತರ ತಿಂದೆ ಅಂತ ಕೇಳೋದು ನಮಗೂ ಹೊಳೀಲಿಲ್ಲ."

ಕಟ್ಟೆಯ ಮೇಲೆ ಪೇಪರು ಓದುತ್ತಿದ್ದ ಅಪ್ಪನಿಗೆ ಇದೆಲ್ಲ ಕೇಳಿಸಿತು. ಎಷ್ಟೋ ಹೊತ್ತಾದರೂ ಪೇಪರಿನ ಹಾಳೆ ತಿರುವಿದ ಸದ್ದು ಬರಲಿಲ್ಲ. ಮರುದಿನ ಊಟಕ್ಕೆ ಕೂತವರು ತುತ್ತು ಎತ್ತಲೇ ಇಲ್ಲ. ಅನ್ನ ಆರುತ್ತಿತ್ತು. ಅವ್ವ ಗಾಬರಿಯಾಗಿ ನೋಡಿದಳು. ಅಪ್ಪ ಅಕ್ಕನ ಕೈಯ ಸೌಟನ್ನು ಇಸಿದುಕೊಂಡು ಕೆಳಗಿಟ್ಟು, "ಬಾರವ್ವ, ಕೂಡು," ಅಂದರು. ಅಷ್ಟೇ. ಅಕ್ಕ ನನ್ನ ಪಕ್ಕ ಕೂತಳು. ಎಷ್ಟೋ ತಿಂಗಳ ಮೇಲೆ ನನ್ನ ಚಟ್ನಿ ಮತ್ತೆ ಕಳುವಾಯಿತು.

ರಕ್ತ ನಿಧಾನವಾಗಿ ಏರಿತು. ಹಬ್ಬದ ಊಟದಿಂದಲ್ಲ, ದಿನದ ರೊಟ್ಟಿಯನ್ನು ಬಿಸಿಯಿರುವಾಗ ಹೊಟ್ಟೆ ತುಂಬ ಉಂಡದ್ದರಿಂದ, ಜೊತೆಗೆ ಗುಳಿಗೆಯಿಂದ. ಪರೀಕ್ಷೆ ಮುಗಿದ ವಾರ ತಕ್ಕಡಿ ಅಮ್ಮ ಬಂದು, "ಸ್ಕೂಲಿಗೆ ಕಳಿಸ್ರಿ, ಇನ್ನು ಬೀಳಲ್ಲ," ಅಂದರು. ಅಪ್ಪ ಅಂದೇ ಸುಲ್ತಾನ್ ಬಜಾರಿಗೆ ಹೋಗಿ ಪುಸ್ತಕ ತಂದರು.

ಹೊರಡುವ ಮುನ್ನ ತಕ್ಕಡಿ ಅಮ್ಮ ಅವ್ವನ ಕೈ ಹಿಡಿದರು. "ನಿಮ್ಮದೂ ಒಂದು ಹನಿ ಕೊಡಿ. ಇದು ಸಂಸ್ಥೆಯ ಲೆಕ್ಕಕ್ಕಲ್ಲ, ನನ್ನ ಸಮಾಧಾನಕ್ಕೆ."

"ನಂದ್ಯಾಕ್ರಿ? ನಾ ಇನ್ನ ಬೆಳೀಬೇಕೇನು?" ಅಂತ ಅವ್ವ ನಾಚಿಕೊಂಡು ಬೆರಳು ಕೊಟ್ಟಳು. ಮರುವಾರ ತಿರುಗಿ ಬಂದ ತಕ್ಕಡಿ ಅಮ್ಮ ನಗಲಿಲ್ಲ. ಅವ್ವನ ರಕ್ತ, ಅಕ್ಕ ರಸ್ತೆಯಲ್ಲಿ ಬಿದ್ದ ಕಾಲದಲ್ಲಿ ಇದ್ದುದಕ್ಕಿಂತಲೂ ಕಡಿಮೆ ಇತ್ತು. ಎಷ್ಟೋ ವರ್ಷದಿಂದ ಹಾಗೇ ನಡೆದಾಡಿಕೊಂಡಿದ್ದಳು ನನ್ನವ್ವ. ಬೀಳಲು ಪುರುಸೊತ್ತು ಸಿಕ್ಕಿರಲಿಲ್ಲ.

ಆ ರಾತ್ರಿಯ ಊಟಕ್ಕೆ ಅಕ್ಕ ಕೂಡಲಿಲ್ಲ. ಗೋಡೆಗೆ ಒರಗಿ ನಿಂತಳು.

"ಅವ್ವ ಹಿಂದ ಉಂಡ್ರ ನಾನೂ ಹಿಂದನ ಉಣ್ತೀನಿ. ಬೇಕಾದ್ರ ಸಾಲಿ ಬಿಡಸ್ರಿ."

ಅವಳು ಅಪ್ಪನಿಗೆ ಎದುರು ಹೇಳಿದ್ದು ಅದೇ ಮೊದಲು. ಅಪ್ಪ ಎದ್ದು ಅಡುಗೆಮನೆಗೆ ಹೋಗಿ ಅನ್ನದ ಪಾತ್ರೆ ಎತ್ತಿಕೊಂಡು ಬಂದು ನಮ್ಮ ನಡುವೆ ಇಟ್ಟರು. ಅಣ್ಣ ಸಾರು ತಂದ, ನಾನು ಪಲ್ಯ ತಂದೆ. ಎಲ್ಲರೂ ಸುತ್ತ ಕೂತೆವು. ಅವ್ವನಿಗೆ ಮಾತ್ರ ಕೂಡಲು ಬರಲಿಲ್ಲ. ನೀರು ಅಂತ ಎದ್ದಳು, ತುಪ್ಪ ಅಂತ ಎದ್ದಳು. ಕೊನೆಗೆ ಸಾರಿಗೆ ಉಪ್ಪು ಕಡಿಮೆ ಆಗೈತಿ ಅಂತ ಏಳಹೊರಟಾಗ ಅಕ್ಕ ಅವಳ ಸೆರಗು ಹಿಡಿದಳು.

"ನಾ ತರ್ತೀನಿ, ಕೂಡು," ಅಂದು ಅಪ್ಪ ಒಳಗೆ ಹೋದರು. ಡಬ್ಬಿಗಳ ಸದ್ದು, ಮುಚ್ಚಳ ಬಿದ್ದ ಸದ್ದು. "ಎಲ್ಲೈತಿ?" "ಎಡಕಿನ ಗೂಡಿನ್ಯಾಗ್ರಿ." ಬಹಳ ಹೊತ್ತಿನ ಮೇಲೆ ಬಂದು, ದೊಡ್ಡ ಕೆಲಸ ಮಾಡಿದವರ ಹಾಗೆ ಅವ್ವನ ತಾಟಿಗೆ ಒಂದು ಚಿಟಿಕೆ ಹಾಕಿದರು.

ಅದು ಸಕ್ಕರೆ. ನಾನೂ ನೋಡಿದೆ, ಅಕ್ಕನೂ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ತೊಡೆ ಚಿವುಟಿದಳು. ಅವ್ವ ಕಲಸಿದಳು, ಒಂದು ತುತ್ತು ಉಂಡಳು, ಒಂದು ಗಳಿಗೆ ತಡೆದಳು. ಅವಳ ಕಣ್ಣು ತುಂಬಿ ಬಂತು. ತಲೆ ಎತ್ತದೆ ತಾಟು ಖಾಲಿ ಮಾಡಿದಳು.

"ಉಪ್ಪು ಸಾಕಾತೇನು?" ಅಪ್ಪ ಕೇಳಿದರು.

"ಸಾಕಾತ್ರಿ," ಅಂದಳು ಅವ್ವ. "ಇನ್ನಷ್ಟು ಅನ್ನ ಹಾಕ್ರಿ."