ಅವ್ವನ ರೊಟ್ಟಿ, ಎಲೀಯನ ಕಥೆ

ಮಡಿಕೆಯ ಕೊನೆಯ ಜೋಳದ ಹಿಟ್ಟು, ಎರಡು ತತ್ತಿ, ಅವ್ವನ ಊಟ: ಬೈಬಲ್ಲಿನ ಪ್ರವಾದಿ ಎಲೀಯನ ಕಥೆ ಕೇಳಲು ನಮ್ಮ ಮನೆಗೆ ಬಿದ್ದ ಖರ್ಚು ಇಷ್ಟು.

ಇವತ್ತು ನವನಗರದಲ್ಲಿ ಯಾರದೋ ಮನೆಯ ರೊಟ್ಟಿ ವಾಸನೆ ಬಂತು, ಹಳೇ ಸಿಟ್ಟೂ ಬಂತು. ನಮ್ಮಲ್ಲಿ ಪ್ರಾರ್ಥನೆಗೆ ಬಂದ ಚರ್ಚಿನ ಬೋಧಕರು ಉಂಡ ಮೇಲೇ ಮನೆಯವರ ಊಟ. ನಾವು ಸಣ್ಣವರಿದ್ದಾಗ ಒಂದು ದಿನ ಅವರು, ಬರಗಾಲದಲ್ಲಿ ಒಬ್ಬ ವಿಧವೆ ಕೊನೆಯ ಹಿಟ್ಟಿನಲ್ಲಿ ಎಲೀಯನಿಗೇ ಮೊದಲು ರೊಟ್ಟಿ ಕೊಟ್ಟಳು, ಆಮೇಲೆ ಅವಳ ಮಡಿಕೆ ಬರಿದಾಗಲೇ ಇಲ್ಲ ಎನ್ನುತ್ತ ನಾಲ್ಕನೇ ರೊಟ್ಟಿ ಮುರಿದರು.

"ವಿಶ್ವಾಸ ಇಡ್ರಿ, ಅಕ್ಕಾರ."

"ಇಟ್ಟೇನಲ್ಲರಿ, ನಿಮ್ಮ ತಾಟಿನ್ಯಾಗ!" ಅಂದಳು ಅವ್ವ.

ನಾನು ಮಡಿಕೆಗೆ ಕೈ ಹಾಕಿದೆ. ಬರೀ ತಳ.

ಎಲೀಯ ಬಹಳ ದಿನ ಆ ವಿಧವೆಯ ಮನೆಯಲ್ಲೇ ಉಳಿದ. ಇವರು ಕೈ ತೊಳೆದು ಬಸ್ಸು ಹಿಡಿದರು. ಕೊಟ್ಟವರ ಜೊತೆ ಉಳಿದು ಉಣ್ಣುವ ಆ ಪಾಠವನ್ನು ಇವತ್ತಿಗೂ ಯಾರೂ ಹೇಳುವುದಿಲ್ಲ.

ಬೋಧಕರಿಗೆ ನಾಲ್ಕು ರೊಟ್ಟಿ. ನನಗೂ ತಂಗಿಗೂ ಒಂದರಲ್ಲಿ ಅರ್ಧರ್ಧ. ಅವ್ವನಿಗೆ ಆಶೀರ್ವಾದ.