ಹೇಳಬೇಡಿ ಎಂದಿದ್ದಳು ಆ ಹುಡುಗಿ

ಕಳೆದ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನೆರಡು ತಿಂಗಳಿದ್ದಾಗ ನಡೆದದ್ದು. ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಹದಿಹರೆಯದ ಮಕ್ಕಳ ಭಯ, ಆತಂಕಕ್ಕೆಂದು ಒಂದು ಸಂಸ್ಥೆಯವರು ಎರಡು ಟ್ಯಾಬ್ ಕೊಟ್ಟು ಹೋಗಿದ್ದರು. ಅದರಲ್ಲಿದ್ದ ಆ್ಯಪ್ ಕನ್ನಡದಲ್ಲೇ ಪ್ರಶ್ನೆ ಕೇಳುತ್ತಿತ್ತು. ಮಕ್ಕಳು ಹೆಸರು ಹೇಳದೆ ಉತ್ತರ ಒತ್ತಬಹುದಿತ್ತು. ನನಗೆ ಮಂಡ್ಯದಲ್ಲಿ ಒಂದು ದಿನದ ತರಬೇತಿ ಆಗಿತ್ತು. ಅದರಲ್ಲಿ ಮುಕ್ಕಾಲು ಪಾಲು, ಟ್ಯಾಬ್ ಹಾಳಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ.

ಹತ್ತನೇ ತರಗತಿಯ ಸಿಂಚನ ದಿನಾ ಸಂಜೆ ಬಂದು ಅದರ ಮುಂದೆ ಕೂರುತ್ತಿದ್ದಳು. ಒಂದು ದಿನ ಎದ್ದು ಬಂದು ಟ್ಯಾಬನ್ನು ನನ್ನ ಮೇಜಿನ ಮೇಲಿಟ್ಟಳು. ‘ನೀವು ನಂಬುವ ಹಿರಿಯರೊಬ್ಬರ ಜೊತೆ ಮಾತಾಡಿ’ ಎಂದು ಪರದೆಯ ಮೇಲಿತ್ತು.

“ನಿಮ್ಗೇ ಏಳ್ತಾವ್ನಿ ಅಕ್ಕ. ನಮ್ಮನೇಲಿ ಏಳ್ಬೇಡಿ,” ಎಂದಳು.

ಗಣಿತದ ಪುಸ್ತಕ ತೆಗೆದರೆ ಎದೆ ಹೊಡೆದುಕೊಳ್ಳುತ್ತದಂತೆ, ಕೈ ಮರಗಟ್ಟುತ್ತದಂತೆ. ಬದುಕೇ ಬೇಡ ಅನ್ನಿಸುತ್ತದಂತೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಕಳಿಸಿದೆ. ಸಂಸ್ಥೆಯವರು ಕೊಟ್ಟಿದ್ದ ನಂಬರಿಗೆ ಮೂರು ಸಲ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಹೆದರಿಕೆ ತಡೆಯಲಾರದೆ ಬೆಳಿಗ್ಗೆಯೇ ಅವಳ ತಾಯಿಯ ಬಳಿ ಹೋದೆ. ಬೈಯಬೇಡಿ, ಡಾಕ್ಟರಿಗೆ ತೋರಿಸೋಣ, ನಾನೂ ಬರುತ್ತೇನೆ ಎಂದೆ.

“ನನ್ ಮಗೀಗೆ ತಲೆ ಕೆಟ್ಟದೆ ಅಂತೀಯೇನವ್ವ? ಊರ್ನೋರ ಕಿವಿಗೆ ಬಿದ್ರೆ ನಾಳೆ ಇವ್ಳ ಯಾರ್ ಒಪ್ಕತರೆ?” ಎಂದು ಆಕೆ ಅತ್ತುಬಿಟ್ಟರು.

ಆ ವಾರವೇ ಶಾಲೆ ಬಿಡಿಸಿ ಮದ್ದೂರಿನ ಚಿಕ್ಕಮ್ಮನ ಮನೆಗೆ ಕಳಿಸಿದರು. ಹೆಡ್‌ಮಾಸ್ಟರನ್ನು ಕರೆದುಕೊಂಡು ಎರಡು ಸಲ ಅವಳ ತಾಯಿಯ ಮನೆಗೆ ಹೋದೆ. ಒಳಗೂ ಕರೆಯಲಿಲ್ಲ. ಹುಡುಗಿ ಪರೀಕ್ಷೆ ಬರೆಯಲಿಲ್ಲ. ಡಾಕ್ಟರಿಗೂ ತೋರಿಸಲಿಲ್ಲ.

ಮೂರ್ನಾಲ್ಕು ತಿಂಗಳಾದ ಮೇಲೆ ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ತೀರಾ ಇಳಿದುಹೋಗಿದ್ದಳು. ಕೈ ಹಿಡಿದು, ತಪ್ಪಾಯಿತು ಕಣಮ್ಮ ಎಂದೆ. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ.

“ಆ ಟ್ಯಾಬೇ ವಾಸಿ ಇತ್ತು ಕಣಕ್ಕ. ಅದು ಯಾರ್ಗೂ ಏಳ್ತಿರ್ನಿಲ್ಲ,” ಎಂದಳು. ಮಳವಳ್ಳಿ ಬಸ್ಸು ಬಂದಿತ್ತು. ಹೋಗಿ ಎಂದು ಅವಳೇ ಕೈ ಬಿಡಿಸಿಕೊಂಡಳು.

ಅವಳ ಜೀವಕ್ಕೆ ಹೆದರಿ ಹೇಳಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೆ ಸುಮ್ಮನಿರಲಾರೆ ಎಂದು ಮೊದಲು ಅವಳಿಗೇ ಹೇಳಬಹುದಿತ್ತಲ್ಲ. ಈ ವರ್ಷದ ಮಕ್ಕಳೂ ಬರುತ್ತಿದ್ದಾರೆ. ಅವರಲ್ಲಿ ಯಾರಾದರೂ ಮುಖ ಸಣ್ಣಗೆ ಮಾಡಿಕೊಂಡು ನನ್ನ ಕಡೆ ಎದ್ದು ಬಂದರೆ, ದೇವರೇ, ಈ ಮಗು ನನಗೆ ಏನೂ ಹೇಳದಿರಲಿ ಅಂದುಕೊಳ್ಳುತ್ತೇನೆ.